ಕಸ ಎಂಬ ಹೆಸರಿನ ಪಾಲು

ಹೆಸರು ನೋಡಿ ಮುಚ್ಚಳ ತೆಗೆಯಬೇಡಿ ಎಂದು ಹಿರಿಯರು ಎಲ್ಲೂ ಹೇಳಿಲ್ಲ. ಹೇಳಬೇಕಾಗಿತ್ತು, ಪಾಪ, ಮರೆತಿದ್ದಾರೆ. ಅವರ ಮರೆವಿನಿಂದ ಒಂದು ಮನೆಯಲ್ಲಿ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಡೆದದ್ದು ನಡೆದ ಹಾಗೆ. ಒಂದಕ್ಷರ ಸುಳ್ಳಿದ್ದರೂ ಆ ಮನೆಯ 'ಸಕ್ಕರೆ' ಡಬ್ಬಿಯಿಂದ ಒಂದು ಚಮಚ ತೆಗೆದು ನನ್ನ ಬಾಯಿಗೆ ಹಾಕಿ. ಅದರಲ್ಲಿರುವುದು ಉಪ್ಪು.

ಆ ಮನೆಯ ಅಡುಗೆಮನೆಯಲ್ಲಿ ಯಾವ ಡಬ್ಬಿಯ ಚೀಟಿಯೂ ನಿಜ ನುಡಿಯುತ್ತಿರಲಿಲ್ಲ. ಬಿಸ್ಕತ್ತಿನ ಡಬ್ಬಿಯ ಮೇಲೆ 'ಸೋಪಿನ ಪುಡಿ', ಗೋಡಂಬಿ ಡಬ್ಬಿಯ ಮೇಲೆ 'ಹಳೇ ಮೊಳೆ'. ಮಕ್ಕಳು ಚಿಕ್ಕವರಿದ್ದಾಗ ತಿನ್ನುವ ಸಾಮಾನು ನಾಲ್ಕು ದಿನವಾದರೂ ಉಳಿಯಲಿ ಎಂದು ಮನೆಯ ಯಜಮಾನರು ಶುರುಮಾಡಿದ ಕಿತಾಪತಿ ಇದು. ಮಕ್ಕಳು ಬೇಗನೆ ಗುಟ್ಟು ಪತ್ತೆಹಚ್ಚಿದರು, ಮೊಳೆಗಳನ್ನು ಮುಷ್ಟಿಗಟ್ಟಲೆ ತಿಂದರು. ಆದರೂ ಚೀಟಿಗಳು ಬದಲಾಗಲಿಲ್ಲ. ಮನೆಯವರಿಗೆ ಅದು ಬಾಯಿಪಾಠ, ಬಂದವರಿಗೆ ಬಾಯಿಕಾಟ.

ಯಜಮಾನರು ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಮೈಕಿನ ಮುಂದೆ ಮೂಗಿನಿಂದ ಹೊರಡುವ ಸರ್ಕಾರಿ ದನಿ. ಮೈಕು ಆರಿಸಿದರೆ ಸಿಕ್ಕಿದವರ ದನಿ. ಮನೆ ಮಾಲೀಕರ ಕೆಮ್ಮು, ಮೇಲಧಿಕಾರಿಯ ಗೊಣಗು, ಮೂರನೇ ಸೀಟಿ ಹಾಕಲೋ ಬೇಡವೋ ಎಂದು ಅನುಮಾನಿಸುವ ಪ್ರೆಷರ್ ಕುಕ್ಕರ್, ಎಲ್ಲವೂ ಅವರ ಗಂಟಲಲ್ಲಿ ಬಾಡಿಗೆಗಿದ್ದವು. ಕೊನೆಗೆ ಅದೇ ಗಂಟಲಲ್ಲಿ ಒಂದು ಗಂಟೂ ಬಂದು ಸೇರಿಕೊಂಡಿತು. ಅದು ಮಾತ್ರ ಬಾಡಿಗೆಗೆ ಬಂದದ್ದಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ವೈದ್ಯರು. "ಆಪರೇಷನ್ನಿಗೆ ಮುಂಚೆ ನಿಮ್ಮ ದನೀನ ರೆಕಾರ್ಡ್ ಮಾಡಿಟ್ಕೊಳ್ಳಿ" ಎಂದೂ ಹೇಳಿದರು.

ಅನೌನ್ಸರ್ ಕೋಣೆಯ ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಕಂಬಳಿ ಹೊದ್ದು, ದಿನಾ ಮಧ್ಯಾಹ್ನ ಫೋನಿನೊಳಕ್ಕೆ ಏನೇನೋ ಹೇಳಿಕೊಂಡರು. ಹೇಳಿದ್ದನ್ನೆಲ್ಲ ಮನೆಯ ಕಂಪ್ಯೂಟರಿಗೆ ಸಾಗಿಸಿ, ಫೋನಿನಿಂದ ಅಳಿಸಿದರು.

ಆಸ್ತಿಯಿಲ್ಲದ ಆ ಮನೆಯಲ್ಲಿ ಪಾಲಾದದ್ದು ಹಾರ್ಡ್ ಡಿಸ್ಕ್ ಒಂದೇ. ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್ ಇದ್ದದ್ದರಿಂದ ಮಗ ಅದರ ಡಿಸ್ಕನ್ನು ಪಾರ್ಟಿಷನ್ ಮಾಡಿ, ಮಧ್ಯೆ ಗೋಡೆ ಎಬ್ಬಿಸಿದ ಹಾಗೆ, ತಲೆಗೊಂದು ಕೋಣೆ ಕೊಟ್ಟಿದ್ದ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಮಗನ ಪಾಲಿನ ಹೆಸರು 'ಗಾಜು'. ಕಾಲೇಜಿಗೆ ಹೋಗುವ ಮಗಳು, ಮನೆಯವರ ಬಾಯಲ್ಲಿ ಗಿಣಿ, ತನ್ನ ಪಾಲಿಗೆ 'ಮುಟ್ಟಿದರೆ ಜೋಕೆ' ಎಂದು ಹೆಸರಿಟ್ಟಿದ್ದಳು. ಅಪ್ಪನ ಪಾಲಿನ ಹೆಸರು 'ಕಸ'.

ಆಸ್ಪತ್ರೆಗೆ ಹೊರಡುವ ದಿನ ಅವರು ಹೆಂಡತಿಗೆ ಹೇಳಿದ್ದು ಇಷ್ಟು: "ನನ್ನ ದನಿ ಮರೆಯೋಕೆ ಶುರುವಾದಾಗ ಹೇಳು. ಆಗ ತೆಗೆಯೋಣ. ಮೊದಲೇ ದಿನಾ ಕೇಳಿ ಸವೆಸಬೇಡ."

ಎರಡು ವರ್ಷ ಹೆಂಡತಿ ಹೇಳಲಿಲ್ಲ, ಗಂಡ ತೆಗೆಯಲಿಲ್ಲ. ಅನೌನ್ಸರ್ ಕೊರಳಿನ ತೂತಿನಿಂದ ಉಸಿರಾಡಲು ಕಲಿತರು. ಅದರ ಮೇಲೊಂದು ಬಿಳಿ ಬಟ್ಟೆ ಇಳಿಬಿಟ್ಟುಕೊಂಡರು. ತರಕಾರಿ ಹೆಚ್ಚಿದರು, ಬಟ್ಟೆ ಒಣಗಿಸಿದರು. ಹೌದು ಎನ್ನಲು ಒಂದು ಚಪ್ಪಾಳೆ, ಅಲ್ಲ ಎನ್ನಲು ಎರಡು. ಉಳಿದದ್ದಕ್ಕೆ ಮಕ್ಕಳ ಮ್ಯಾಜಿಕ್ ಸ್ಲೇಟು: ಬರೆದು ಹಾಳೆ ಎತ್ತಿದರೆ ಮಾತು ಮಾಯ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಒಂದು ದಿನ ಹಚ್ಚಿ ನೋಡಿದರು. "ಊಟ ಆಯ್ತಾ" ಎಂದದ್ದು ಮಿಕ್ಸಿ ತಿರುಗಿದ ಹಾಗೆ ಕೇಳಿತು. 'ಊರಿನವರ ದನಿಯೆಲ್ಲ ಕದ್ದವನಿಗೆ ಕೊನೆಗೆ ಮಿಕ್ಸಿ ದನಿ!' ಎಂದು ಸ್ಲೇಟಿನಲ್ಲಿ ಬರೆದು, ಯಂತ್ರವನ್ನು ಕಪಾಟಿಗೆ ಸೇರಿಸಿದರು.

ಈ ನಡುವೆ ಸೊಸೆ ಬಂದಳು. ಒಂದು ಮುದ್ರಣಾಲಯಕ್ಕೆ ಲೇಬಲ್ ವಿನ್ಯಾಸ ಮಾಡುವುದು ಅವಳ ಕೆಲಸ: ಔಷಧಿ ಸೀಸೆ, ಶ್ಯಾಂಪೂ, ಉಪ್ಪಿನ ಪೊಟ್ಟಣ. ಚೀಟಿಯ ಮೇಲೆ ಒಂದಿದ್ದು ಒಳಗೆ ಇನ್ನೊಂದಿದ್ದರೆ ಜನ ಸಾಯುತ್ತಾರೆ ಎಂಬ ಶಿಸ್ತಿನಲ್ಲಿ ಬೆಳೆದವಳು. ಮೊದಲ ದಿನವೇ ಎಲ್ಲರಿಗೂ ಉಪ್ಪಿನ ಚಹಾ ಕೊಟ್ಟಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅರ್ಧ.

ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದವಳಿಗೆ ಕಂಪ್ಯೂಟರಿನಲ್ಲಿ ಗಂಡ ಬಿಟ್ಟುಕೊಟ್ಟ ಪಾಲು ಸಾಲದಾಯಿತು. ಹುಡುಕಿದಳು. 'ಕಸ' ಕಣ್ಣಿಗೆ ಬಿತ್ತು.

ಗೊತ್ತಾದದ್ದು ಒಂದು ಮಧ್ಯಾಹ್ನ, ಊಟದ ನಡುವೆ. ಅತ್ತೆ ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು.

"ರೀ, ನಿಮ್ಮ ದನಿ ಮರೀತಾ ಇದೆ. ಬೆಳಿಗ್ಗೆಯಿಂದ ಜ್ಞಾಪಿಸ್ಕೋತಿದ್ದೀನಿ. ನೀವು ಅಣಕಿಸ್ತಿದ್ದ ಮಾಲೀಕರು ಬರ್ತಾರೆ, ಕುಕ್ಕರ್ ಬರುತ್ತೆ. ನೀವು ಬರ್ತಿಲ್ಲ."

ಅನೌನ್ಸರ್ ಎಂಜಲ ಕೈಯಲ್ಲೇ ಎದ್ದರು. ಮುಖದಲ್ಲಿ ಹಬ್ಬ. ಎಡಗೈಯಲ್ಲಿ ಮೌಸ್ ಹಿಡಿದು ನೋಡಿದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಆಮೇಲೆ ಸ್ಲೇಟು ಬಂತು: 'ಕಸ ಎಲ್ಲಿ?'

"ಬೆಳಿಗ್ಗೆನೇ ಗುಡಿಸಿದೀನಲ್ಲ ಮಾವ" ಎಂದಳು ಸೊಸೆ, ಬೇಳೆ ಬಡಿಸುತ್ತ. ಅವರ ಬೆರಳು ಕಂಪ್ಯೂಟರಿನ ಕಡೆ ತಿರುಗಿತು. "ಓ, ಅದಾ? ಅದನ್ನ ಹೋದ ವಾರನೇ ಡಿಲೀಟ್ ಮಾಡಿ ನನ್ನ ಪಾಲಿಗೆ ಸೇರಿಸ್ಕೊಂಡೆ. ಸುಮ್ನೆ ಜಾಗ ತಿಂತಿತ್ತು."

ಬೇಳೆಯ ಸೌಟು ಪಾತ್ರೆಯಲ್ಲೇ ನಿಂತಿತು. ಅತ್ತಿಗೆಗೆ ಯಾರೂ ಏನೂ ಹೇಳಿರಲಿಲ್ಲ ಎಂಬುದು ಆಗಲೇ ಗಿಣಿಗೆ ಹೊಳೆದದ್ದು. ಅವಳು ಮೆಲ್ಲಗೆ ಹೇಳಿದಳು: "ಅತ್ತಿಗೆ, ಅದರಲ್ಲಿ ಅಪ್ಪ ಇದ್ರು."

ಅವತ್ತಿನ ಜಗಳ ಸಂಜೆಯ ಚಹಾದವರೆಗೂ ನಡೆಯಿತು.

"ಗೊತ್ತಿಲ್ದೆ ಮಾಡಿದಾಳೆ, ಬಿಡಮ್ಮ" ಎಂದ ಮಗ.

"ಗೊತ್ತಿಲ್ದಿದ್ರೆ ಕೇಳ್ಬೇಕು ಕಣೋ. ನಾಲಿಗೆ ಇದೆಯಲ್ಲ? ಈ ಮನೇಲಿ ಒಬ್ಬರಿಗೆ ತಾನೇ ಇಲ್ದಿರೋದು!"

"ಕಸ ಅಂತ ಬರೆದಿರೋದನ್ನ ಎಸೀಲಾ ಅಂತ ಯಾರಾದ್ರೂ ಕೇಳ್ತಾರಾ ಅತ್ತೆ?"

"ಈ ಮನೇಲಿ ಕೇಳ್ತಾರೆ!"

"ಈ ಮನೇಲಿ ಯಾರಾದ್ರೂ ಹೇಳ್ತಾರಾ? ನಾನು ಬಂದು ಆರು ತಿಂಗಳಾಯ್ತು. ಇವತ್ತಿಗೂ ಸಕ್ಕರೆ ಬೇಕಾದ್ರೆ ಎಲ್ಲ ಡಬ್ಬಿಗೂ ಬೆರಳಿಟ್ಟು ನೆಕ್ಕಬೇಕು."

ಅನೌನ್ಸರ್ ಸ್ಲೇಟಿನಲ್ಲಿ 'ತಪ್ಪು ನಂದು' ಎಂದು ಬರೆದರು. ಹೆಂಡತಿ ತಿರುಗಿ ನೋಡುವಷ್ಟರಲ್ಲಿ ಹಾಳೆ ಎತ್ತಿಬಿಟ್ಟರು.

ಮರುದಿನ ಮಗ ಸೊಸೆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಅಂಗಡಿಯೊಂದಕ್ಕೆ ಹೋದರು. ಅಂಗಡಿಯವನು ಬಿಳಿ ಕೋಟು ಹಾಕಿಕೊಂಡಿದ್ದ. ಸತ್ತ ಡಿಸ್ಕುಗಳನ್ನು ಬಿಚ್ಚಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ. ಮಾತಾಡುವುದೂ ರೋಗಿಯ ಕಡೆಯವರ ಹತ್ತಿರ ಮಾತಾಡುವ ಹಾಗೆಯೇ.

"ಗಾಬರಿ ಆಗ್ಬೇಡಿ. ಪಾರ್ಟಿಷನ್ ಅಳಿಸಿದ್ರೆ ಒಳಗಿರೋದು ಸಾಯಲ್ಲ. ಬಾಗಿಲ ಮೇಲಿನ ಹೆಸರಷ್ಟೇ ಹೋಗುತ್ತೆ. ಸಾಮಾನು ಒಳಗೇ ಇರುತ್ತೆ, ಅದರ ಮೇಲೆ ಬೇರೆ ಸಾಮಾನು ಇಡೋ ತನಕ." ಅವನು ದನಿ ತಗ್ಗಿಸಿದ. "ಆಮೇಲೆ ಏನಾದ್ರೂ ಇಟ್ರಾ?"

ಸೊಸೆ ನೆಲ ನೋಡಿದಳು. "ಒಂದು ಶ್ಯಾಂಪೂ. ಎರಡು ಕೆಮ್ಮಿನ ಔಷಧಿ. ದೊಡ್ಡ ಸೈಜಿನವು."

"ಛೆ, ಛೆ, ಛೆ" ಎಂದ ಅವನು, ನಾಡಿ ಹಿಡಿದವನಂತೆ ಡಿಸ್ಕಿನ ಮೇಲೆ ಕೈಯಿಟ್ಟು. ಅವನು ಹೇಳಿದ ಖರ್ಚು ಕೇಳಿ ಮಗ ಕನ್ನಡಕ ತೆಗೆದು ಒರೆಸಿಕೊಂಡ. ಅದು ಕೊಳೆಯಾಗಿರಲಿಲ್ಲ.

"ನಾನೇ ಮಾಡ್ತೀನಿ. ಏನು ಮಾಡ್ಬೇಕು ಹೇಳಿ" ಎಂದಳು ಸೊಸೆ.

ಅವನು ಮೊದಲು ಮುಖ ಸಿಂಡರಿಸಿದ, ಆಮೇಲೆ ಒಂದು ಹೊಸ ಡಿಸ್ಕು ಮಾರಿದ. ಹಳೆಯದನ್ನು ಇನ್ನು ಮುಟ್ಟಕೂಡದು; ಅದರ ಪಡಿಯಚ್ಚನ್ನು ಹೊಸದರ ಮೇಲೆ ಇಳಿಸಬೇಕು; ಹುಡುಕುವುದು ಅದರಲ್ಲಿ. "ಹೆಸರು, ತಾರೀಕು ಯಾವುದೂ ಸಿಗಲ್ಲ ಅಮ್ಮ. ನೀವು ಗೋಡೆ ಕೆಡವಿ ಬೇರೆ ಗೋಡೆ ಕಟ್ಟಿಬಿಟ್ಟಿದೀರಿ. ದನಿ ದನಿಯಾಗಿ ಸಿಗುತ್ತೆ, ಯಾರದು ಅಂತ ನೀವೇ ಗುರುತು ಹಿಡೀಬೇಕು."

ಮನೆಯಲ್ಲಿ ಹೊಸ ಕಟ್ಟಳೆ ಬಂತು: ಕಂಪ್ಯೂಟರನ್ನು ಯಾರೂ ಮುಟ್ಟುವಂತಿಲ್ಲ. ಗಿಣಿ ತನ್ನ ಕಾಲೇಜಿನ ಬರವಣಿಗೆಗೆ ಗೆಳತಿಯ ಮನೆ ಹಿಡಿದಳು. ಸೊಸೆ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಮುದ್ರಣಾಲಯಕ್ಕೇ ಹೋಗಿ, ಶಾಯಿಯ ವಾಸನೆಯಲ್ಲಿ, ಯಾರೋ ಊಟಕ್ಕೆ ಎದ್ದಾಗ ಖಾಲಿಯಾಗುವ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದಳು. ಸಂಜೆ ಬಂದು ಕೈಕಾಲು ತೊಳೆದವಳೇ ಹುಡುಕಾಟಕ್ಕೆ ಕೂರುತ್ತಿದ್ದಳು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಅತ್ತೆ ಅವಳ ಪಕ್ಕದಲ್ಲಿ ತಟ್ಟೆ ತಂದಿಡುತ್ತಿದ್ದರು. ಊಟ ಬಡಿಸುತ್ತಿದ್ದರು, ಮಾತು ಬಡಿಸುತ್ತಿರಲಿಲ್ಲ.

"ಅಮ್ಮ, ಉಪ್ಪು ಕಮ್ಮಿ ಅಂತೆ ಅತ್ತಿಗೆಗೆ" ಎಂದಳು ಒಂದು ದಿನ ಗಿಣಿ.

"ಸಕ್ಕರೆ ಡಬ್ಬೀಲಿದೆ ಅಂತ ಹೇಳು."

"ನೀನೇ ಹೇಳು. ಎರಡು ಮಾರು ದೂರ ಇದಾಳೆ. ಅಪ್ಪನಿಗೆ ದನಿ ಹೋಯ್ತು, ನಿನಗೆ ಏನಾಯ್ತು?"

ಅತ್ತೆ ಉಪ್ಪನ್ನು ತಾವೇ ತಂದು ತಟ್ಟೆಯ ಅಂಚಿಗೆ ಹಾಕಿದರು. ಅಗತ್ಯಕ್ಕಿಂತ ಹೆಚ್ಚೇ ಹಾಕಿದರು. ಸೊಸೆ ತಿಂದಳು.

ಮೊದಲ ಫೈಲು ಸಿಕ್ಕಿದ್ದು ಒಂದು ರಜಾದಿನ ಬೆಳಿಗ್ಗೆ. ಹೆಸರಿಲ್ಲ, ಬರೀ ಅಂಕಿ. ಮನೆಯವರೆಲ್ಲ ಕುರ್ಚಿ ಎಳೆದುಕೊಂಡು ಕೂತರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ಸೊಸೆ ಒತ್ತಿದಳು.

ಕುಕ್ಕರ್ ಕೂಗಿತು.

ಗಿಣಿ ಅಡುಗೆಮನೆಗೆ ಓಡಿ, ಒಲೆ ಆರಿಸಲು ಹೋಗಿ, ಒಲೆಯೇ ಹಚ್ಚಿಲ್ಲ ಎಂದು ನೋಡಿ ವಾಪಸು ಬಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅನೌನ್ಸರ್ ಕುರ್ಚಿಯಿಂದ ಎದ್ದು ನಮಸ್ಕಾರ ಮಾಡಿದರು.

ಆಮೇಲಿನ ವಾರಗಳಲ್ಲಿ ಒಂದೊಂದಾಗಿ ಸಿಕ್ಕುತ್ತ ಹೋದವು. ಬಾಡಿಗೆ ಕೇಳಲು ಬಂದು, ಕೇಳಲು ನಾಚಿ, ಹವೆಯ ಬಗ್ಗೆ ಮಾತಾಡುವ ಮಾಲೀಕರು. ಬಸ್ಸು ತಡವಾದದ್ದಕ್ಕೆ ಬಸ್ಸನ್ನು ಬಿಟ್ಟು ಎಲ್ಲರನ್ನೂ ಬೈಯುವ ಮೇಲಧಿಕಾರಿ. ಹೊಸ ಬೂಟಿಗಾಗಿ ಅಳುವ ಆರು ವರ್ಷದ ಮಗ. ("ನಾನು ಹೀಗೆ ಅಳ್ತಿರ್ಲಿಲ್ಲ." "ಇದಕ್ಕಿಂತ ಜೋರಾಗಿ ಅಳ್ತಿದ್ದೆ ಕಣೋ.") ತರಕಾರಿಯವನ ಹತ್ತಿರ ಚೌಕಾಶಿ ಮಾಡುವ ಅತ್ತೆ ಸ್ವತಃ. 'ನೋಡಿ, ಹೆದರುವಂಥದ್ದು ಏನೂ ಇಲ್ಲ' ಎಂದು ಹೆದರಿಸುವ ಗಂಟಲ ವೈದ್ಯರು. ಸೊಸೆ ಕೇಳಿ ಕೇಳಿ ಒಂದೊಂದಕ್ಕೂ ಹೆಸರು ಬರೆದಳು. ಒಮ್ಮೊಮ್ಮೆ ಯಾರದೆಂದು ಗೊತ್ತಾಗದೆ ಮಾವನ ಮುಖ ನೋಡುತ್ತಿದ್ದಳು, ಅವರು ಕೆನ್ನೆ ಉಬ್ಬಿಸಿ, ಹೊಟ್ಟೆ ಮುಂದೆ ಮಾಡಿ, ನಡೆದು ತೋರಿಸಿದರೆ ಮಗ "ಹಳೇ ಮನೆ ಪಕ್ಕದ ದರ್ಜಿ!" ಎಂದು ಕೂಗುತ್ತಿದ್ದ.

ಎಲ್ಲರೂ ನಗುತ್ತಿದ್ದಾಗ ಒಂದು ದಿನ ಅತ್ತೆ ನಗಲಿಲ್ಲ.

"ಇದೇನ್ರೀ ಇದು? ಊರಿಗೆ ಊರೇ ಇದೆ ಇದರಲ್ಲಿ. ನೀವೆಲ್ಲಿ?"

ನಿಜವೇ. ಬಸ್ ನಿಲ್ದಾಣದ ಪ್ರಕಟಣೆಗಳಿದ್ದವು, ಅದು ಮೂಗಿನ ದನಿ, ಸಂಬಳದ ದನಿ. ಹಳೆಯ ಮದುವೆ, ಪ್ರವಾಸಗಳ ವಿಡಿಯೋಗಳನ್ನು ಗಿಣಿ ಆಗಲೇ ಜಾಲಾಡಿದ್ದಳು. ಅಲ್ಲೂ ಅಪ್ಪ ಯಾರನ್ನೋ ಅಣಕಿಸುತ್ತಲೇ ಇದ್ದರು. ಬಾಗಿಲು ತೆಗೆದು "ಬಂದೆ" ಎನ್ನುವ, ಜ್ವರ ಬಂದರೆ "ಏನಾಗ್ತಿದೆ?" ಎಂದು ಕೇಳುವ, ಸ್ವಲ್ಪ ಒರಟು, ಸ್ವಲ್ಪ ಸೋಮಾರಿ ದನಿಯೊಂದಿತ್ತಲ್ಲ, ಅದು ಎಲ್ಲೂ ಇರಲಿಲ್ಲ.

ಅನೌನ್ಸರ್ ಒಂದು ಬೆರಳೆತ್ತಿದರು. ಸ್ಲೇಟಿನಲ್ಲಿ ಬರೆದರು: 'ಒಂದು ಇತ್ತು. ನಿನಗೇ ಅಂತ.'

"ಏನು ಹೇಳಿದ್ರಿ ಅದರಲ್ಲಿ?"

ಅವರು ಹಾಳೆ ಎತ್ತಿ ಮತ್ತೆ ಬರೆದರು: 'ಜ್ಞಾಪಕ ಇಲ್ಲ. ಕಂಬಳಿಯೊಳಗೆ ಸೆಕೆ ಇತ್ತು. ಅತ್ತಿದ್ದೆ ಅನ್ಸುತ್ತೆ.'

ಅಲ್ಲಿಂದ ಮುಂದೆ ಸೊಸೆ ಬೇರೆ ಯಾವುದನ್ನೂ ಹುಡುಕಲಿಲ್ಲ. ಇನ್ನೊಂದು ಸಾಫ್ಟ್‌ವೇರ್ ಹಾಕಿ ನೋಡಿದಳು. ಬಿಳಿ ಕೋಟಿನವನಿಗೆ ಫೋನು ಮಾಡಿ ಪೀಡಿಸಿದಳು. ಅವನು ಕೊನೆಗೆ "ಮೇಡಂ, ಸಾಮಾನಿನ ಮೇಲೆ ಸಾಮಾನು ಬಿದ್ದಿದ್ರೆ ದೇವರು ಬಂದ್ರೂ ಆಗಲ್ಲ" ಎಂದು ಫೋನಿಟ್ಟ. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಗಂಡ "ಸಾಕು ಬಿಡೇ" ಎಂದ. "ನಿಮ್ಮಮ್ಮ ಸಾಕು ಅನ್ನಲಿ, ಬಿಡ್ತೀನಿ" ಎಂದಳು.

ಸಿಕ್ಕಿತು. ಸಿಕ್ಕದಿದ್ದರೇ ವಾಸಿಯಿತ್ತು.

ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಸೊಸೆ ಫೋನು ಹಿಡಿದುಕೊಂಡು ಹೋಗಿ ನಿಂತಳು.

"ಅತ್ತೆ, ಅದು ಸಿಕ್ತು. ಆದ್ರೆ ತಲೆ ಮಾತ್ರ ಇದೆ, ಮೈ ಇಲ್ಲ. ಅದರ ಮೇಲೆ ನನ್ನ ಶ್ಯಾಂಪೂ ಕೂತಿದೆ. ಅದು ಇನ್ನು ಬರಲ್ಲ." ಅವಳು ಫೋನನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. "ನಾನು ಬೇಕೂಂತ ಮಾಡ್ಲಿಲ್ಲ ಅತ್ತೆ."

ಅತ್ತೆ ಕ್ಲಿಪ್ಪೊಂದನ್ನು ಬಾಯಿಂದ ತೆಗೆದರು. "ಇರೋದನ್ನ ಹಾಕು."

ಒಂದು ಉಸಿರು. ಗಂಟಲು ಸರಿಮಾಡಿಕೊಂಡ ಸದ್ದು. "ನೋಡು, ಅಂದ್ರೆ..." ಆಮೇಲೆ ಬರೀ ಕರಕರ.

"ಇನ್ನೊಂದ್ಸಲ."

"ನೋಡು, ಅಂದ್ರೆ..."

ಅತ್ತೆ ಒದ್ದೆ ಅಂಗಿಯೊಂದನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದರು. ಅಂಗಿಯ ನೀರು ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ, ತಮಗೇ ಹೇಳಿಕೊಳ್ಳುವಂತೆ ಅಂದರು: "ಹ್ಞೂ, ಹೀಗೇ ಇವರದು. ಯಾವಾಗ್ಲೂ ಹೇಳೋಕೆ ಮುಂಚೆ, 'ನೋಡು, ಅಂದ್ರೆ, ನಾನು ಹೇಳ್ತಿರೋದು ಏನಪ್ಪಾ ಅಂದ್ರೆ, ಏನೂ ಇಲ್ಲ ಬಿಡು...'"

ಸೊಸೆ ಬೆಚ್ಚಿ ಹಿಂದೆ ನೋಡಿದಳು. ಮಾವ ಬಂದಿರಲಿಲ್ಲ. ಬಂದಿದ್ದರೂ ಮಾತಾಡಲು ಅವರ ಹತ್ತಿರ ದನಿ ಇರಲಿಲ್ಲ.

"ಅತ್ತೆ! ಅದು ನೀವಾ?"

"ಯಾವುದೇ?"

"ಈಗ ಮಾತಾಡಿದ್ದು! ಫೋನಿನಲ್ಲಿರೋದೂ ಅದೂ ಒಂದೇ!"

"ಥೂ, ಸುಮ್ನಿರು." ಅತ್ತೆಯ ಮುಖ ಕೆಂಪಾಯಿತು. "ಈ ಮನೇಲಿ ಅಣಕಿಸೋದು ಅವರ ಕೆಲಸ. ಅಣಕಿಸ್ಕೊಳ್ಳೋದು ನನ್ನದು."

"ಇನ್ನೊಂದ್ಸಲ ಅನ್ನಿ ಅತ್ತೆ. ಒಂದೇ ಒಂದ್ಸಲ."

ಅತ್ತೆ ಆಚೀಚೆ ನೋಡಿದರು. ಅಂಗಿಯನ್ನು ತಲೆಯ ಮೇಲೆ ಹೊದ್ದುಕೊಂಡರು. ಒಳಗಿನಿಂದ ಅನೌನ್ಸರ್ ಮಾತಾಡಿದರು: "ಏನೇ ಇದು, ಬಟ್ಟೆ ಒಣಗಿಸೋಕೆ ಇಬ್ಬರು ಬೇಕಾ?"

ದನಿ ಒಂದೆಳೆ ತೆಳುವಾಗಿತ್ತು. ಆದರೆ ಉಸಿರು ಎಳೆದುಕೊಳ್ಳುವ ಜಾಗ, ಮಾತು ಸೋಮಾರಿಯಾಗಿ ಗೋಡೆಗೆ ಒರಗುವ ಜಾಗ, ಎಲ್ಲ ಅಲ್ಲಲ್ಲೇ ಇದ್ದವು. ಅಂಗಿಯೊಳಗೆ ಅತ್ತೆ ಅಳುತ್ತಿದ್ದರು. ಸೊಸೆಯೂ ತಲೆ ತೂರಿಸಿದಳು. ಒಂದೇ ಒದ್ದೆ ಅಂಗಿಯೊಳಗೆ ಇಬ್ಬರೂ ಸೇರಿ ಅತ್ತು, ಹೊರಗೆ ಬರುವ ಹೊತ್ತಿಗೆ ಇಬ್ಬರಿಗೂ ಒಂದು ಯೋಚನೆ ಬಂದಿತ್ತು. ಯಾರಿಗೆ ಮೊದಲು ಬಂತು ಎಂಬುದರ ಬಗ್ಗೆ ಇವತ್ತಿಗೂ ತಕರಾರಿದೆ.

"ಕರಕರ ಜಾಸ್ತಿ ಹಾಕ್ತೀನಿ. ಕೆಟ್ಟುಹೋಗಿರೋ ಫೈಲು ಅಂದ್ರೆ ನಂಬ್ತಾರೆ" ಎಂದಳು ಸೊಸೆ.

"ನಂಬ್ಲಿ. ಮದುವೆಯಾದ ದಿನದಿಂದ ನಾನು ಅವರನ್ನ ನಂಬಿಲ್ವಾ?"

ಮುಂದಿನ ರಜಾದಿನ ಬೆಳಿಗ್ಗೆ ಅನೌನ್ಸರ್ ಹಾಲು ಉಕ್ಕಿಸಿದರು. ಒಲೆ ಒರೆಸದೆ ಹೋಗಿ ಪೇಪರಿನ ಹಿಂದೆ ಕೂತರು. ಯಾರು ಮಾಡಿದ್ದು ಎಂದು ವಿಚಾರಣೆ ನಡೆದಾಗ ಸ್ಲೇಟಿನಲ್ಲಿ 'ಪಕ್ಕದ ಮನೆ ಬೆಕ್ಕು' ಎಂದು ಬರೆದು, ಮುಖ ಗಂಭೀರ ಮಾಡಿಕೊಂಡರು. ಅತ್ತೆ ಒಲೆ ಒರೆಸಿದರು. ಆಮೇಲೆ "ತಲೆನೋವು" ಎಂದು ಹೇಳಿ ಸೊಸೆಯ ಜೊತೆ ಕೋಣೆಯ ಬಾಗಿಲು ಹಾಕಿಕೊಂಡರು. ತಲೆನೋವಿಗೆ ಕಂಬಳಿ ಯಾಕೆ ಎಂದು ಗಿಣಿಗೆ ಅನುಮಾನ ಬಂತು, ಆದರೆ ಅಪರೂಪಕ್ಕೆ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ತಟ್ಟೆಗಳ ಮುಂದೆ ಎಲ್ಲರೂ ಕೂತಾಗ ಸೊಸೆ ಹೇಳಿದಳು: "ಮಾವ, ಒಂದು ಫೈಲು ಸಿಕ್ಕಿದೆ. ಅತ್ತೆಗೆ ಅಂತ ಮಾಡಿದ್ರಲ್ಲ, ಅದೇ ಇರ್ಬೇಕು. ಸರಿಯಾಗಿ ಕೇಳ್ಸಲ್ಲ."

ಅನೌನ್ಸರರ ಕೈಯ ತುತ್ತು ಅಲ್ಲೇ ನಿಂತಿತು. ಹೆಂಡತಿಯ ಕಡೆ ನೋಡಿದರು. ಹೆಂಡತಿ ಅನ್ನದ ಪಾತ್ರೆಯೊಳಗೆ ನೋಡುತ್ತಿದ್ದರು.

ಕರಕರ. ಉಸಿರು. ಗಂಟಲು ಸರಿಮಾಡಿಕೊಂಡ ಸದ್ದು.

"ನೋಡು, ಅಂದ್ರೆ... ನೀನು ಇದನ್ನ ಕೇಳೋ ಹೊತ್ತಿಗೆ ನಾನು ಬಾಯಿ ಮುಚ್ಕೊಂಡಿರ್ತೀನಿ. ನಿನಗೂ ಸ್ವಲ್ಪ ನೆಮ್ಮದಿ."

ಮಗ ಕನ್ನಡಕ ತೆಗೆದ. ಗಿಣಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ! ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ, ಅಪ್ಪ.

"ಮನೆಗೆ ಬಂದಾಗೆಲ್ಲ ಬೇರೆ ಯಾರದೋ ದನೀಲಿ ಮಾತಾಡಿ ನಿನ್ನ ನಗಿಸ್ತಿದ್ದೆ. ನನ್ನ ದನೀಲಿ ಹೇಳ್ಬೇಕಾದ್ದು ಹಾಗೇ ಉಳೀತು. ನೀನು ಮಾಡಿದ ಅಡುಗೆ ಚೆನ್ನಾಗಿತ್ತು ಕಣೇ. ನನಗೆ ಜ್ವರ ಬಂದಾಗ ನೀನು ಕೂತ್ಕೊಂಡೇ ನಿದ್ದೆ ಮಾಡ್ತಿದ್ಯಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಮಲಗಿರ್ತಿದ್ದೆ."

ಅನೌನ್ಸರರ ಕಣ್ಣು ತುಂಬಿತು. ತಾನು ಇದನ್ನು ಹೇಳಿದ್ದು ಅವರಿಗೆ ನೆನಪಿರಲಿಲ್ಲ; ಆದರೆ ಪ್ರತಿ ಮಾತೂ ನಿಜವಾಗಿತ್ತು. ಅವರು ನಿಧಾನವಾಗಿ ತಲೆಯಾಡಿಸುತ್ತ ಹೋದರು. ಹೌದು, ಹೌದು.

"ಇನ್ನೊಂದು ಮಾತು. ಇವತ್ತು ಬೆಳಿಗ್ಗೆ ಹಾಲು ಉಕ್ಕಿಸಿದ್ದು ನಾನೇ."

ಅವರು ತಲೆಯಾಡಿಸಿದರು.

"ಬೆಕ್ಕು ಅಂದಿದ್ದು ಸುಳ್ಳು. ಪಕ್ಕದ ಮನೆಯವರು ಊರಿಗೆ ಹೋಗಿ ನಾಲ್ಕು ದಿನ ಆಯ್ತು. ಬೆಕ್ಕನ್ನೂ ಕರ್ಕೊಂಡು ಹೋಗಿದಾರೆ."

ಆಡುತ್ತಿದ್ದ ತಲೆ ಅರ್ಧದಲ್ಲಿ ನಿಂತಿತು. ಅನೌನ್ಸರ್ ಒಲೆಯ ಕಡೆ ನೋಡಿದರು. ಕಂಪ್ಯೂಟರಿನ ಕಡೆ ನೋಡಿದರು. ಎರಡು ವರ್ಷದ ಹಿಂದಿನ ತನಗೆ ಇವತ್ತಿನ ಹಾಲು ಹೇಗೆ ಗೊತ್ತಾಯಿತು? ಬೆರಳುಗಳಲ್ಲಿ ಏನೋ ಲೆಕ್ಕ ಹಾಕಿದರು, ಲೆಕ್ಕ ತಪ್ಪಿತು. ಸೊಸೆ ಶ್ರದ್ಧೆಯಿಂದ ಊಟ ಮಾಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು.

ಹೆಂಡತಿ ಸೌಟು ತುಂಬ ಅನ್ನ ಎತ್ತಿಕೊಂಡು ಅವರ ತಟ್ಟೆಯ ಮೇಲೆ ಬಾಗಿದರು. ಸ್ವಲ್ಪ ಒರಟಾದ, ಸ್ವಲ್ಪ ಸೋಮಾರಿಯಾದ ದನಿಯಲ್ಲಿ, ಗಂಡನ ದನಿಯಲ್ಲಿ, ಗಂಡನನ್ನೇ ಕೇಳಿದರು:

"ನೋಡು, ಅಂದ್ರೆ... ಇನ್ನೂ ಸ್ವಲ್ಪ ಹಾಕ್ಲಾ?"

ಗಿಣಿ ಕಿರುಚಿದಳು. ಮಗ ತುತ್ತು ನೆತ್ತಿಗೇರಿ ಕೆಮ್ಮುತ್ತ ನಕ್ಕ. ಸೊಸೆ ಇನ್ನು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟಳು. ಅನೌನ್ಸರ್ ಮಾತ್ರ ಬಾಯಿ ತೆರೆದು ಹೆಂಡತಿಯನ್ನೇ ನೋಡುತ್ತಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ಭುಜ ಕುಲುಕಿತು. ಕೊರಳಿನಿಂದ ಹೊರಟ ಗಾಳಿಗೆ ಆ ಬಿಳಿ ಬಟ್ಟೆ ಪಟಪಟನೆ ಹಾರಿ ಮೂಗಿಗೆ ಬಡಿಯಿತು. ಒಂದು ಸದ್ದೂ ಬರಲಿಲ್ಲ. ಅದರ ಬದಲು ಎರಡೂ ಕೈಗಳಿಂದ ಮೇಜು ಬಡಿದರು. ತಟ್ಟೆಗಳು ಕುಣಿದವು, ಲೋಟ ಉರುಳಿ ಮಗನ ಮಡಿಲಿಗೆ ನೀರು ಸುರಿಯಿತು, ಬೇಳೆಯ ಪಾತ್ರೆ ಅಂಚಿನವರೆಗೆ ಜಾರಿತು. ಉಳಿದವರು ನಕ್ಕು ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಂಡು, ಸುಮ್ಮನಾದರು. ಅವರು ಹೆಂಡತಿಯ ಸೆರಗು ಹಿಡಿದುಕೊಂಡು, ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಬೆರಳೆತ್ತಿ ಕೇಳುತ್ತ, ಮೇಜು ಬಡಿಯುತ್ತಲೇ ಇದ್ದರು.